ಗಟ್ಟಿಯಾದ ಲಿವರ್ ಸುಮ್ಮನೆ ಕೂತ ಕಲೆಯಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಲಿವರ್ ಗಟ್ಟಿಯಾಗುವ ಕಾಯಿಲೆಯನ್ನು ಕುರಿತು ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಇತ್ತೀಚೆಗೆ ಬಂದ ಲೇಖನವನ್ನು ಓದಿದೆ. ಕುಡಿತ, ಸಕ್ಕರೆ ಕಾಯಿಲೆ, ಬೊಜ್ಜು, ಹೆಪಟೈಟಿಸ್ ವೈರಸ್ಸುಗಳ ಬಗ್ಗೆ ಅದರಲ್ಲಿ ಹೇಳಿರುವುದು ಸರಿಯಾಗಿಯೇ ಇದೆ, ಭಾಷೆಯೂ ತಿಳಿಯಾಗಿದೆ. ಆದರೆ ಕೊನೆಯ ಭಾಗದಲ್ಲಿ, ಲಿವರಿನ ಗಟ್ಟಿತನವೆಂಬುದು ಮಾಗಿದ ಗಾಯದ ಕಲೆಯಂಥದ್ದು, ರೋಗ ಬಂದು ಹೋದುದರ ಗುರುತಷ್ಟೇ, ತಾನಾಗಿ ಅದು ಏನನ್ನೂ ಮಾಡುವುದಿಲ್ಲ ಎಂಬರ್ಥದ ಒಂದು ವಾಕ್ಯವಿದೆ. ನನ್ನ ತಕರಾರು ಆ ಒಂದು ವಾಕ್ಯದ ಬಗ್ಗೆ. ಗಟ್ಟಿತನ ರೋಗದ ಫಲ ಹೌದು, ಆದರೆ ರೋಗವನ್ನು ಮುಂದಕ್ಕೆ ತಳ್ಳುವ ಕಾರಣವೂ ಅದೇ ಎಂಬುದು ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳ ಸಂಶೋಧನೆಯಿಂದ ತಿಳಿದುಬಂದಿದೆ. ಜೀವಕೋಶಗಳು ತಮ್ಮ ಸುತ್ತಲಿನ ಅಂಗಾಂಶ ಎಷ್ಟು ಗಟ್ಟಿ, ಎಷ್ಟು ಮೆದು ಎಂಬುದನ್ನು ತಾವೇ ಎಳೆದು ನೋಡಿ ಅಳೆಯುತ್ತವೆ, ಅಳೆದು ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತವೆ.

ಇದನ್ನು ಹೇಳಲು ನನಗಿರುವ ಅರ್ಹತೆ ಸಣ್ಣದು. ನಾನು ವೈದ್ಯೆಯಲ್ಲ, ವಿಜ್ಞಾನಿಯೂ ಅಲ್ಲ. ಬೆಂಗಳೂರಿನ ಒಂದು ಸಂಶೋಧನಾಲಯದ ಕೋಶ ಬೆಳೆಸುವ ಕೊಠಡಿಯಲ್ಲಿ ಇಪ್ಪತ್ತೆರಡು ವರ್ಷ ತಾಂತ್ರಿಕ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಅದರಲ್ಲಿ ಕೊನೆಯ ಹತ್ತು ವರ್ಷ ನನ್ನ ಮುಖ್ಯ ಕೆಲಸವೆಂದರೆ ಬೇರೆ ಬೇರೆ ಗಟ್ಟಿತನದ ಜೆಲ್‌ಗಳನ್ನು ತಯಾರಿಸಿ ಅವುಗಳ ಮೇಲೆ ಕೋಶಗಳನ್ನು ಬಿಡುವುದೇ ಆಗಿತ್ತು. ಹೀಗಾಗಿ ಲೇಖನದ ಆ ವಾಕ್ಯ ಓದಿದಾಗ, ದಿನವೂ ಕಣ್ಣಾರೆ ಕಂಡದ್ದನ್ನು ಯಾರೋ ಇಲ್ಲವೆಂದಂತೆ ಅನಿಸಿತು.

ಇನ್ನೊಂದು ಕಾರಣ ಮನೆಯದು. ನನ್ನ ಭಾವನವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಲಿವರಿನಲ್ಲಿ ಕೊಬ್ಬು ಸೇರಿದೆ ಎಂದು ಕಳೆದ ವರ್ಷ ಗೊತ್ತಾಗಿ, ಊರಿನ ಒಂದು ಆಸ್ಪತ್ರೆಯಲ್ಲಿ ಫೈಬ್ರೋಸ್ಕ್ಯಾನ್ ಮಾಡಿಸಿದರು. ವರದಿಯಲ್ಲಿ 13.8 ಕಿಲೋಪಾಸ್ಕಲ್ ಎಂದಿತ್ತು. ಹಾಗೆಂದರೇನು ಎಂದು ಕೇಳಿದ್ದಕ್ಕೆ, ಲಿವರ್ ಗಟ್ಟಿಯಾಗಿದೆ, ಎಣ್ಣೆ ಕಡಿಮೆ ಮಾಡಿ ಎಂದಷ್ಟೇ ಉತ್ತರ ಬಂತಂತೆ. ಆ ರಾತ್ರಿ ಭಾವ ನನಗೆ ಫೋನ್ ಮಾಡಿ, ಒಳಗೆ ಕಲ್ಲಾಗಿ ಹೋಗಿದೆಯಂತೆ, ಇನ್ನೇನು ಮಾಡಿದರೂ ಅಷ್ಟೇ ಎಂದರು. ಬೆಳಗ್ಗೆ ಏನು ತಿಂದು ಹೋಗಿದ್ದಿರಿ ಎಂದು ಕೇಳಿದೆ. ಹೊರಡುವ ಮೊದಲು ಎರಡು ಮಸಾಲೆ ದೋಸೆ ತಿಂದಿದ್ದರು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಎರಡು ವಾರ ಬಿಟ್ಟು, ಉಪವಾಸವಿದ್ದು ಬೇರೆ ಕಡೆ ಮಾಡಿಸಿದಾಗ ಅಂಕಿ 11.2ಕ್ಕೆ ಇಳಿದಿತ್ತು. ಅದೂ ಹೆಚ್ಚೇ, ನಿರ್ಲಕ್ಷಿಸುವಂಥದ್ದಲ್ಲ. ಆದರೆ ಕಲ್ಲಿಗೆ ದೋಸೆ ತಿಂದು ಗೊತ್ತಿರುವುದಿಲ್ಲ.

ಆ ಯಂತ್ರ ಮಾಡುವುದು ಇಷ್ಟು. ಪಕ್ಕೆಲುಬುಗಳ ನಡುವೆ ಇಟ್ಟ ಸಲಕರಣೆ ಚರ್ಮದ ಮೇಲೆ ಒಂದು ಸಣ್ಣ ಏಟು ಕೊಡುತ್ತದೆ. ಎಳನೀರಿನವರು ಕಾಯಿಯ ಮೇಲೆ ಬೆರಳಿನಿಂದ ತಟ್ಟಿ ಒಳಗೆ ಗಂಜಿ ಇದೆಯೋ ಕಾಯಿ ಬಲಿತಿದೆಯೋ ಎಂದು ಹೇಳುತ್ತಾರಲ್ಲ, ಸ್ಥೂಲವಾಗಿ ಅದೇ ಉಪಾಯ. ಏಟಿನಿಂದ ಎದ್ದ ಅಲೆ ಲಿವರಿನೊಳಗೆ ಎಷ್ಟು ವೇಗದಲ್ಲಿ ಸಾಗಿತು ಎಂಬುದನ್ನು ಅಲ್ಟ್ರಾಸೌಂಡ್ ಹಿಂಬಾಲಿಸಿ ಅಳೆಯುತ್ತದೆ. ಮೆದುವಾದುದರಲ್ಲಿ ಅಲೆ ನಿಧಾನ, ಗಟ್ಟಿಯಾದುದರಲ್ಲಿ ಚುರುಕು. ಅಲೆಯ ವೇಗ ಸೆಕೆಂಡಿಗೆ 1 ಮೀಟರ್ ಇದ್ದರೆ ಗಟ್ಟಿತನ ಸುಮಾರು 3 ಕಿಲೋಪಾಸ್ಕಲ್, 2 ಮೀಟರ್ ಇದ್ದರೆ ಸುಮಾರು 12, ಏಕೆಂದರೆ ಗಟ್ಟಿತನ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆರೋಗ್ಯವಂತರಲ್ಲಿ ಅಂಕಿ ಸಾಮಾನ್ಯವಾಗಿ 5ರ ಆಸುಪಾಸು ಇರುತ್ತದೆ. ಹತ್ತು ಬಾರಿ ಅಳೆದು ನಡುವಿನ ಬೆಲೆಯನ್ನು ವರದಿಗೆ ಬರೆಯುತ್ತಾರೆ. ಊಟವಾದ ಮೇಲೆ ಲಿವರಿಗೆ ರಕ್ತದ ಹರಿವು ಹೆಚ್ಚಿ ಅಂಕಿ ಏರುವುದರಿಂದ ಕನಿಷ್ಠ ಮೂರು ಗಂಟೆ ಏನೂ ತಿನ್ನದೆ ಹೋಗಬೇಕು. ಉರಿಯೂತವಿದ್ದರೂ, ಹೃದಯದ ದೌರ್ಬಲ್ಯದಿಂದ ಲಿವರಿನಲ್ಲಿ ರಕ್ತ ಕಟ್ಟಿಕೊಂಡಿದ್ದರೂ ಅಂಕಿ ಮೇಲೇರುತ್ತದೆ. ಲೇಖನದಲ್ಲಿ ಈ ಎರಡು ಸಾಲು ಇದ್ದಿದ್ದರೆ ಎಷ್ಟೋ ಜನರ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಯಂತ್ರ ಹೊರಗಿನಿಂದ ತಟ್ಟಿ ತಿಳಿಯುವುದನ್ನು ಲಿವರಿನೊಳಗಿನ ಕೋಶ ಒಳಗಿನಿಂದ ಎಳೆದು ತಿಳಿಯುತ್ತದೆ.

ಕೋಶವೆಂದರೆ ನೀರು ತುಂಬಿದ ಚೀಲ ಎಂಬ ಕಲ್ಪನೆ ನಮ್ಮ ಶಾಲಾ ಪುಸ್ತಕದ ಚಿತ್ರಗಳಿಂದ ಬಂದದ್ದು. ನಿಜದಲ್ಲಿ ಅದರೊಳಗೆ ಆಕ್ಟಿನ್ ಎಂಬ ಪ್ರೊಟೀನಿನ ಎಳೆಗಳ ಹಂದರವಿದೆ, ಆ ಎಳೆಗಳನ್ನು ಜಗ್ಗುವ ಮಯೋಸಿನ್ ಇದೆ. ನಮ್ಮ ತೋಳಿನ ಸ್ನಾಯುವಿನಲ್ಲಿ ಬಿಂದಿಗೆ ಎತ್ತುವ ಜೋಡಿಯೂ ಇದೇ. ಹೊರಗೆ ಕೋಶಗಳ ನಡುವೆ ಕೊಲಾಜೆನ್ ಮೊದಲಾದ ನಾರುಗಳ ಹಾಸು ಇದೆ. ಪೊರೆಯನ್ನು ತೂರಿ ನಿಂತು ಒಳಗಿನ ಹಂದರವನ್ನೂ ಹೊರಗಿನ ಹಾಸನ್ನೂ ಜೋಡಿಸುವ ಕೊಂಡಿಗಳಿಗೆ ಇಂಟೆಗ್ರಿನ್ ಎಂದು ಹೆಸರು. ಮರ ಹತ್ತುವವನು ಭಾರ ಹಾಕುವ ಮೊದಲು ಕೊಂಬೆಯನ್ನೊಮ್ಮೆ ಎಳೆದು ನೋಡುವಂತೆ ಕೋಶ ಈ ಕೊಂಡಿಗಳ ಮೂಲಕ ಹೊರಗಿನ ಹಾಸನ್ನು ಸದಾ ಎಳೆಯುತ್ತಲೇ ಇರುತ್ತದೆ. ಹಾಸು ಸಡಿಲವಾಗಿ ಎಳೆದತ್ತ ಬಂದುಬಿಟ್ಟರೆ ಕೊಂಡಿಯ ಮೇಲೆ ಸೆಳೆತ ಏರುವ ಮೊದಲೇ ಹಿಡಿತ ಜಾರುತ್ತದೆ. ಹಾಸು ಬಿಗಿಯಾಗಿ ಎದುರು ನಿಂತರೆ ಸೆಳೆತ ಬೇಗ ಏರುತ್ತದೆ.

ಆ ಸೆಳೆತವನ್ನು ಗುರುತಿಸುವುದು ಹೇಗೆ ಎಂಬುದೇ ಈ ಕತೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಇಂಟೆಗ್ರಿನ್‌ಗೂ ಆಕ್ಟಿನ್‌ಗೂ ನಡುವೆ ಟ್ಯಾಲಿನ್ ಎಂಬ ಉದ್ದನೆಯ ಪ್ರೊಟೀನು ಇದೆ. ಅದರ ಮೈಯಲ್ಲಿ ಸಾಲಾಗಿ 13 ಮಡಿಕೆಗಳ ಗಂಟುಗಳು. ಸೆರಗಿನ ತುದಿಯ ಗಂಟಿನಲ್ಲಿ ಕಾಸು ಕಟ್ಟಿಟ್ಟಂತೆ, ಹಲವು ಗಂಟುಗಳೊಳಗೆ ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೊಟೀನು ಬಂದು ಕೂರುವ ಜಾಗಗಳು ಮುಚ್ಚಿಕೊಂಡಿವೆ. ಎಳೆತ ಸಾಕಷ್ಟು ಬಿದ್ದಾಗ ಗಂಟು ಬಿಚ್ಚಿಕೊಳ್ಳುತ್ತದೆ, ಜಾಗ ತೆರೆಯುತ್ತದೆ, ವಿಂಕ್ಯುಲಿನ್ ಬಂದು ಕೂತು ಹಿಡಿತವನ್ನು ಇನ್ನಷ್ಟು ಭದ್ರಪಡಿಸುತ್ತದೆ. ಎಲ್ಲಕ್ಕಿಂತ ಸುಲಭವಾಗಿ ಬಿಚ್ಚುವ ಗಂಟಿಗೆ ಬೇಕಾದ ಬಲ ಸುಮಾರು 5 ಪಿಕೋನ್ಯೂಟನ್, ಅಂದರೆ ಒಂದು ಸಾಸಿವೆ ಕಾಳಿನ ತೂಕದ ಹತ್ತಾರು ಲಕ್ಷದಲ್ಲೊಂದು ಪಾಲು. ಹಾಗೆ ಎಳೆತ ಬಿದ್ದಾಗ ವಿಂಕ್ಯುಲಿನ್ ಹೆಚ್ಚು ಬಂದು ಸೇರುವುದನ್ನು 2009ರಲ್ಲಿ ಒಂದೊಂದೇ ಟ್ಯಾಲಿನ್ ಅಣುವನ್ನು ಜಗ್ಗಿ ತೋರಿಸಿದರು. ಕೋಶಕ್ಕೆ ಬುದ್ಧಿ ಇದೆ, ಅದು ಯೋಚಿಸುತ್ತದೆ ಎಂದೆಲ್ಲ ಬರೆಯುವ ಚಾಳಿ ವಿಜ್ಞಾನದ ಬರಹಗಳಲ್ಲಿ ಈಗ ಹೆಚ್ಚಾಗಿದೆ. ಇಲ್ಲಿ ಯೋಚನೆಯೇನೂ ಇಲ್ಲ, ಇರುವುದು ಒಂದು ಗಂಟು ಮತ್ತು ಒಂದು ಎಳೆತ. ಆ ಸರಳತೆಯೇ ನನಗೆ ಹೆಚ್ಚು ಅಚ್ಚರಿ ತರುತ್ತದೆ.

ಹಿಡಿತ ಭದ್ರವಾದ ಸುದ್ದಿ ಕೋಶಕೇಂದ್ರದವರೆಗೂ ಹೋಗುತ್ತದೆ. ಇಟಲಿಯ ಪಾದುವಾದಲ್ಲಿ ಸ್ಟೆಫಾನೊ ಪಿಕ್ಕೊಲೊ ಅವರ ತಂಡ 2011ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಯಾಪ್ ಮತ್ತು ಟಾಜ್ ಎಂಬ ಎರಡು ಪ್ರೊಟೀನುಗಳು ಮೆದು ನೆಲದ ಮೇಲೆ ಕೂತ ಕೋಶದಲ್ಲಿ ಕೇಂದ್ರದ ಹೊರಗೇ ಉಳಿಯುತ್ತವೆ, ಗಟ್ಟಿ ನೆಲದ ಮೇಲಿನ ಕೋಶದಲ್ಲಿ ಕೇಂದ್ರದೊಳಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತವೆ ಎಂದು ತೋರಿಸಿದರು. ಎಳೆತಕ್ಕೆ ಸಿಕ್ಕ ಕೋಶಕೇಂದ್ರ ಚಪ್ಪಟೆಯಾಗಿ ಅದರ ಬಾಗಿಲುಗಳೇ ಹಿಗ್ಗುತ್ತವೆ ಎಂಬುದು ಆಮೇಲೆ ತಿಳಿಯಿತು. ಜೀನ್ ಹೇಳಿದಂತೆ ಕೋಶ ಕುಣಿಯುತ್ತದೆ ಎನ್ನುತ್ತೇವೆ, ಆದರೆ ಯಾವ ಜೀನ್ ಯಾವಾಗ ಬಾಯಿ ತೆರೆಯಬೇಕೆಂಬುದರಲ್ಲಿ ಕೋಶ ಕೂತ ನೆಲಕ್ಕೂ ಒಂದು ಮಾತಿದೆ. (ಸ್ಪರ್ಶಕ್ಕೆ ಸಂಬಂಧಿಸಿ 2021ರಲ್ಲಿ ಆರ್ಡೆಮ್ ಪಟಪೌಟಿಯನ್ ಅವರಿಗೆ ನೊಬೆಲ್ ಬಂದದ್ದು ಪೀಜೋ ಎಂಬ ಬಾಗಿಲುಗಳನ್ನು ಕಂಡುಹಿಡಿದದ್ದಕ್ಕೆ. ಪೊರೆ ಹಿಗ್ಗಿದಾಗ ತೆರೆಯುವ ಆ ಬಾಗಿಲುಗಳ ದಾರಿ ಬೇರೆ, ನಾನಿಲ್ಲಿ ಹೇಳುತ್ತಿರುವ ಎಳೆದು ನೋಡುವ ದಾರಿ ಬೇರೆ. ಎರಡಕ್ಕೂ ನಂಟಿದ್ದರೂ ಒಂದನ್ನೇ ಇನ್ನೊಂದೆಂದು ತಿಳಿಯಬಾರದು.)

ಕೋಶಗಳು ಎಳೆಯುತ್ತವೆ ಎಂಬುದನ್ನು ಕಣ್ಣಿಗೆ ಕಾಣಿಸಿದ್ದು 1980ರಲ್ಲಿ. ಆಲ್ಬರ್ಟ್ ಹ್ಯಾರಿಸ್ ಮತ್ತು ಸಂಗಡಿಗರು ಸಿಲಿಕೋನ್ ದ್ರವದ ಮೇಲೆ ಕ್ಷಣಕಾಲ ಬೆಂಕಿಯ ನಾಲಗೆ ಆಡಿಸಿ ಮೇಲ್ಪದರವನ್ನು ತೆಳುವಾದ ರಬ್ಬರಿನ ಹಾಳೆಯಾಗಿಸಿದರು, ಅದರ ಮೇಲೆ ಕೋಶಗಳನ್ನು ಬಿಟ್ಟರು. ಕಾದ ಹಾಲಿನ ಕೆನೆಗೆ ಬೆರಳು ತಾಗಿದರೆ ಸುಕ್ಕು ಬೀಳುವ ಹಾಗೆ ಪ್ರತಿ ಕೋಶದ ಕೆಳಗೂ ಹಾಳೆ ಸುಕ್ಕುಗಟ್ಟಿತು. 1997ರಲ್ಲಿ ಪೆಲ್ಹಾಮ್ ಮತ್ತು ವಾಂಗ್ ಎಂಬಿಬ್ಬರು ಪಾಲಿಅಕ್ರಿಲಮೈಡ್ ಜೆಲ್‌ಗಳನ್ನು ಬಳಸಿ, ಮೇಲಿನ ರಾಸಾಯನಿಕ ಲೇಪ ಒಂದೇ ಇದ್ದರೂ ಜೆಲ್‌ನ ಗಟ್ಟಿತನ ಬದಲಾದರೆ ಕೋಶದ ಹಿಡಿತವೂ ಚಲನೆಯೂ ಬದಲಾಗುತ್ತದೆ ಎಂದು ತೋರಿಸಿದರು. ನನ್ನ ಹತ್ತು ವರ್ಷದ ಸಂಬಳಕ್ಕೆ ಮೂಲ ಆ ಪ್ರಯೋಗವೇ.

ಆ ಜೆಲ್ ತಯಾರಿಸುವುದು ಅಡುಗೆಗೆ ಹತ್ತಿರದ ಕೆಲಸ. ಅಕ್ರಿಲಮೈಡ್ ಎಂಬುದು ಹಿಟ್ಟು, ಬಿಸ್‌ಅಕ್ರಿಲಮೈಡ್ ಎಂಬುದು ಹಿಟ್ಟಿನ ಎಳೆಗಳನ್ನು ಅಡ್ಡಡ್ಡ ಹೆಣೆಯುವ ಅಂಟು ಎಂದುಕೊಳ್ಳಿ. ಗಟ್ಟಿಗೊಳಿಸುವ ಎರಡು ಮದ್ದು ಬೆರೆಸಿದ ಕೂಡಲೇ ಕೈ ಚುರುಕಾಗಬೇಕು. ಗಾಜಿನ ಚೂರಿನ ಮೇಲೆ ಒಂದು ಹನಿ ಬಿಟ್ಟು ಮೇಲೆ ಇನ್ನೊಂದು ಗಾಜು ಮುಚ್ಚಿ ಅರ್ಧ ಗಂಟೆ ಕಾದರೆ ಹನಿ ಜೆಲ್ ಆಗುತ್ತದೆ. ಮೇಲಿನ ಗಾಜನ್ನು ಚಿಮಟದಿಂದ ಎಬ್ಬಿಸುವಾಗ ಉಸಿರು ಬಿಗಿಹಿಡಿಯಬೇಕು, ಮೆದು ಜೆಲ್ ಆದರೆ ಹರಿದೇ ಬರುತ್ತದೆ. ಆಮೇಲೆ ಒಂದು ಕಿತ್ತಳೆ ಬಣ್ಣದ ರಾಸಾಯನಿಕವನ್ನು ಸವರಿ ನೇರಳಾತೀತ ಬೆಳಕಿನಲ್ಲಿಟ್ಟು, ಅದರ ಮೇಲೆ ಕೊಲಾಜೆನ್ ಅಂಟಿಸಿದರೆ ಕೋಶಗಳಿಗೆ ಚಾಪೆ ಸಿದ್ಧ. ಮೆದು ಜೆಲ್ ಮೇಲೆ ಕೋಶಗಳು ಉಬ್ಬಿ ಗುಂಡಗೆ ಕೂರುತ್ತವೆ, ಗಟ್ಟಿ ಜೆಲ್ ಮೇಲೆ ಹರಡಿ ತೆಳ್ಳಗಾಗುತ್ತವೆ. ನಮ್ಮ ಕೊಠಡಿಯ ಹುಡುಗರು ಮೊದಲಿನದಕ್ಕೆ ಇಡ್ಲಿ ಎಂದೂ ಎರಡನೆಯದಕ್ಕೆ ದೋಸೆ ಎಂದೂ ಹೆಸರಿಟ್ಟಿದ್ದರು. ದಾಖಲೆ ಪುಸ್ತಕದಲ್ಲಿ ಹಾಗೆ ಬರೆದವನಿಗೆ ಒಮ್ಮೆ ಬೈಗುಳವೂ ಬಿತ್ತು.

ಒಂದು ಸಲ ನನ್ನಿಂದಲೇ ತಪ್ಪಾಯಿತು. ಇಲಿಯ ಸ್ನಾಯುವಿನ ಎಳೆಯ ಕೋಶಗಳನ್ನು ಬೆಳೆಸಿ, ಅವು ಒಂದರೊಡನೊಂದು ಕೂಡಿ ತಂತುಗಳಾಗಿ ಮೈಮೇಲೆ ಅಡ್ಡಪಟ್ಟೆ ಮೂಡಿಸಿಕೊಳ್ಳುವುದನ್ನು ನೋಡುವ ಪ್ರಯೋಗ ನಡೆದಿತ್ತು. ಪಟ್ಟೆಗಳು ಚೆನ್ನಾಗಿ ಮೂಡುವುದು ಜೆಲ್ ನಮ್ಮ ಸ್ನಾಯುವಿನಷ್ಟೇ ಗಟ್ಟಿ ಇದ್ದಾಗ, ಅಂದರೆ 10 ಕಿಲೋಪಾಸ್ಕಲ್‌ನ ಆಸುಪಾಸು. ಅದಕ್ಕಿಂತ ಬಹಳ ಮೆದುವಾದರೂ ಮೂಡುವುದಿಲ್ಲ, ಬಹಳ ಗಟ್ಟಿಯಾದರೂ ಮೂಡುವುದಿಲ್ಲ. ಮೂರು ವಾರವಾದರೂ ನಮ್ಮ ಗಾಜಿನ ಮೇಲೆ ಒಂದೂ ಪಟ್ಟೆ ಕಾಣಲಿಲ್ಲ. ಕೋಶಗಳ ಕಂತು ಸರಿಯಿಲ್ಲ ಎಂದರು, ಸೀರಮ್ ಹಳೆಯದಾಗಿದೆ ಎಂದರು, ಇನ್ಕ್ಯುಬೇಟರ್ ಮೇಲೂ ಅನುಮಾನ ಬಂತು. ಕೊನೆಗೆ ನನ್ನದೇ ಪುಸ್ತಕ ತೆಗೆದು ನೋಡಿದಾಗ, 10 ಶೇಕಡಾ ಅಕ್ರಿಲಮೈಡ್‌ಗೆ 0.1 ಶೇಕಡಾ ಬಿಸ್ ಹಾಕಬೇಕಿದ್ದಲ್ಲಿ 0.3 ಹಾಕಿದ್ದೆ. ಜೆಲ್ ಸುಮಾರು 10 ಕಿಲೋಪಾಸ್ಕಲ್ ಆಗುವ ಬದಲು ಸುಮಾರು 35 ಆಗಿತ್ತು. ಎರಡೂ ಜೆಲ್‌ಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ, ಎರಡೂ ನೀರಿನಂತೆ ತಿಳಿ. ನಾವು ಐದು ಜನ ಮೂರು ವಾರದಲ್ಲಿ ಹಿಡಿಯಲಾಗದ ತಪ್ಪನ್ನು ಕೋಶಗಳು ಮೊದಲ ದಿನವೇ ಹಿಡಿದಿದ್ದವು. ಆ ತಪ್ಪಿಗೆ ನನಗೆ ಸಿಕ್ಕ ಮಾತುಗಳು ಇಲ್ಲಿ ಬೇಡ.

ಹೀಗೆ ಗಟ್ಟಿತನವೊಂದರಿಂದಲೇ ಕೋಶದ ದಾರಿ ತಿರುಗಬಹುದೆಂದು ಜಗತ್ತಿಗೆಲ್ಲ ತಿಳಿದದ್ದು 2006ರಲ್ಲಿ. ಅಮೆರಿಕದ ಆಡಂ ಎಂಗ್ಲರ್, ಡೆನಿಸ್ ಡಿಷರ್ ಮೊದಲಾದವರು ಮೂಳೆಮಜ್ಜೆಯ ಆಕರಕೋಶಗಳನ್ನು (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಸ್ಟೆಮ್ ಸೆಲ್‌ಗಳನ್ನು) ಮಿದುಳಿನಷ್ಟು ಮೆದುವಾದ, ಸ್ನಾಯುವಿನಷ್ಟು ಬಿಗಿಯಾದ, ಮೂಳೆಯಾಗುವ ಮೊದಲಿನ ಅಂಗಾಂಶದಷ್ಟು ಗಟ್ಟಿಯಾದ ಜೆಲ್‌ಗಳ ಮೇಲೆ ಬೆಳೆಸಿದರು. ಅವು ಕ್ರಮವಾಗಿ ನರಕೋಶದ, ಸ್ನಾಯುಕೋಶದ, ಮೂಳೆಕೋಶದ ಲಕ್ಷಣಗಳನ್ನು ತೋರಿದವು. ಲಕ್ಷಣ ತೋರಿದವು ಎಂದೆ, ನರಕೋಶಗಳೇ ಆದವು ಎನ್ನಲಿಲ್ಲ. ಈ ಪ್ರಯೋಗವನ್ನು ಉತ್ಪ್ರೇಕ್ಷಿಸಿ ಬರೆದದ್ದನ್ನು ನಾನು ಹಲವು ಕಡೆ ಓದಿದ್ದೇನೆ. ಗಟ್ಟಿತನವಲ್ಲ, ಕೊಲಾಜೆನ್ ಜೆಲ್‌ಗೆ ಅಂಟಿಕೊಂಡ ಬಗೆಯೇ ಕಾರಣವಿರಬಹುದು ಎಂದು 2012ರಲ್ಲಿ ತಕರಾರು ಎದ್ದು, 2014ರಲ್ಲಿ ಅದಕ್ಕೆ, ಕಾರಣ ಗಟ್ಟಿತನವೇ ಎಂಬ ಉತ್ತರವೂ ಬಂತು. ಜೀವಂತ ಅಂಗಾಂಶ ರಬ್ಬರಿನಂತೆ ಪುಟಿಯುವುದಲ್ಲ, ನಾದಿದ ಹಿಟ್ಟಿನಂತೆ ನಿಧಾನವಾಗಿ ಸಡಿಲಗೊಳ್ಳುವಂಥದ್ದು, ಆ ಸಡಿಲವನ್ನೂ ಕೋಶ ಗಮನಿಸುತ್ತದೆ ಎಂಬುದು ಈಗಿನ ತಿಳಿವಳಿಕೆ.

ಈಗ ಲಿವರಿಗೆ ಬರುತ್ತೇನೆ. ಲಿವರಿನಲ್ಲಿ ನಕ್ಷತ್ರಾಕಾರದ ಒಂದು ಬಗೆಯ ಕೋಶಗಳಿವೆ, ಸ್ಟೆಲೇಟ್ ಕೋಶಗಳೆಂದು ಹೆಸರು. ಆರೋಗ್ಯವಾಗಿರುವಾಗ ಇವು ನಮ್ಮ ದೇಹದ ವಿಟಮಿನ್ ಎ ದಾಸ್ತಾನಿನ ಬಹುಭಾಗವನ್ನು ಕೊಬ್ಬಿನ ಹನಿಗಳಲ್ಲಿ ತುಂಬಿಟ್ಟುಕೊಂಡು ಉಗ್ರಾಣದವರಂತೆ ಸದ್ದಿಲ್ಲದೆ ಇರುತ್ತವೆ. ಲಿವರಿಗೆ ಪೆಟ್ಟು ಬಿದ್ದಾಗ ಇವು ಉಗ್ರಾಣ ಖಾಲಿ ಮಾಡಿ, ಸ್ನಾಯುವಿನಂತೆ ಸೆಳೆಯುವ ಶಕ್ತಿ ಪಡೆದು, ಕೊಲಾಜೆನ್ ಸುರಿಯತೊಡಗುತ್ತವೆ. ಇವುಗಳನ್ನು ಲಿವರಿನಿಂದ ತೆಗೆದು ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಯಾವ ರೋಗಕಾರಕವನ್ನೂ ಹಾಕದೆಯೇ ಕೆಲವೇ ದಿನಗಳಲ್ಲಿ ರೋಗದ ರೂಪ ತಾಳುತ್ತವೆ. ಬಹುಕಾಲ ಇದನ್ನು ಈ ಕೋಶಗಳ ಸ್ವಭಾವ ಎಂದೇ ತಿಳಿದಿದ್ದರು. ಆ ಪ್ಲಾಸ್ಟಿಕ್ ಲಿವರಿಗಿಂತ ಲಕ್ಷಗಟ್ಟಲೆ ಪಟ್ಟು ಗಟ್ಟಿ. ಮೆದು ಜೆಲ್ ಮೇಲೆ ಬೆಳೆಸಿದಾಗ ಅವೇ ಕೋಶಗಳು ಬಹುಮಟ್ಟಿಗೆ ಶಾಂತವಾಗಿಯೇ ಉಳಿದವು. ರೋಗ ಬರಿಸುತ್ತಿದ್ದುದು ತಟ್ಟೆಯೇ.

ಅದು ತಟ್ಟೆಯ ಮಾತು, ಜೀವಂತ ಲಿವರಿನಲ್ಲಿ ಏನು ಎಂದು ತಾವು ಕೇಳಬಹುದು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ರೆಬೆಕಾ ವೆಲ್ಸ್, ಪಾಲ್ ಜಾನ್‌ಮಿ ಮತ್ತು ಸಂಗಡಿಗರು 2007ರಲ್ಲಿ ಇಲಿಗಳ ಲಿವರಿಗೆ ರಾಸಾಯನಿಕದಿಂದ ಹಾನಿ ಮಾಡಿ ದಿನದಿನಕ್ಕೆ ಅಳೆದರು. ಕೊಲಾಜೆನ್ ಗಣನೀಯವಾಗಿ ಶೇಖರವಾಗುವ ಮೊದಲೇ ಲಿವರ್ ಗಟ್ಟಿಯಾಗಲು ಶುರುವಾಗಿತ್ತು. ತಮ್ಮ ಲೇಖನದ ಪ್ರಕಾರ ಮೊದಲು ಕಲೆ, ಆಮೇಲೆ ಗಟ್ಟಿತನ. ಅಳತೆಯ ಪ್ರಕಾರ ಗಟ್ಟಿತನವೇ ಮುಂದೆ ಹೊರಟಿತ್ತು. ಇರುವ ಕೊಲಾಜೆನ್ ಎಳೆಗಳನ್ನೇ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಅಡ್ಡಡ್ಡ ಹೊಲಿಯುವುದು ಇದಕ್ಕೊಂದು ಕಾರಣ. ನನ್ನ ಬಿಸ್‌ಅಕ್ರಿಲಮೈಡ್ ಮಾಡಿದ್ದ ಕೆಲಸವನ್ನೇ ಅದು ಲಿವರಿನಲ್ಲಿ ಮಾಡುತ್ತದೆ. ಅದೇ ವರ್ಷ ಬೋರಿಸ್ ಹಿಂಜ್ ಅವರ ತಂಡ ಇನ್ನೊಂದು ಕೊಂಡಿಯನ್ನು ಬೆಳಕಿಗೆ ತಂದಿತು. ನಾರುಗಟ್ಟಿಸಲು ಪ್ರಚೋದಿಸುವ ಟಿಜಿಎಫ್ ಬೀಟಾ ಎಂಬ ವಸ್ತು ಕೋಶಗಳ ಹೊರಗಿನ ಹಾಸಿನಲ್ಲಿ ಬೀಗ ಹಾಕಿದ ಸ್ಥಿತಿಯಲ್ಲಿ ಇರುತ್ತದೆ. ಕೋಶ ಅದನ್ನು ಎಳೆದಾಗ ಹಾಸು ಮೆದುವಾಗಿದ್ದರೆ ಬೀಗವೂ ಜೊತೆಗೆ ಜಗ್ಗಿಬರುತ್ತದೆ, ಏನೂ ಆಗುವುದಿಲ್ಲ. ಹಾಸು ಬಿಗಿಯಾಗಿ ಎದುರು ನಿಂತಿದ್ದರೆ ಬೀಗ ಕಿತ್ತುಬಂದು ಪ್ರಚೋದಕ ಹೊರಬೀಳುತ್ತದೆ. ಗಟ್ಟಿಯಾದ ಹಾಸು ಕೋಶವನ್ನು ಕೆರಳಿಸುತ್ತದೆ, ಕೆರಳಿದ ಕೋಶ ಹಾಸನ್ನು ಇನ್ನಷ್ಟು ಎಳೆಯುತ್ತದೆ, ಇನ್ನಷ್ಟು ಪ್ರಚೋದಕ ಬಿಡುಗಡೆಯಾಗುತ್ತದೆ, ಇನ್ನಷ್ಟು ಕೊಲಾಜೆನ್ ಬೀಳುತ್ತದೆ, ಹಾಸು ಇನ್ನಷ್ಟು ಗಟ್ಟಿಯಾಗುತ್ತದೆ. ಇಂಥದ್ದನ್ನು ತಾನಾಗಿ ಏನೂ ಮಾಡದ ಕಲೆ ಎಂದು ಕರೆಯುವುದು ಹೇಗೆ?

ಜೆಲ್‌ನ ಅಂಕಿಯನ್ನೂ ಸ್ಕ್ಯಾನ್‌ನ ಅಂಕಿಯನ್ನೂ ನೇರವಾಗಿ ಪಕ್ಕಪಕ್ಕ ಇಟ್ಟು ಹೋಲಿಸಬಾರದು ಎಂಬ ಎಚ್ಚರವನ್ನೂ ಇಲ್ಲಿ ಸೇರಿಸಬೇಕು. ಅಳೆಯುವ ರೀತಿ ಬೇರೆ, ರಕ್ತ ತುಂಬಿದ ಲಿವರೇ ಬೇರೆ. ಹಾಗೆಯೇ, ಗಟ್ಟಿತನ ಒಂದು ಕಾರಣ ಎಂದು ತಿಳಿದ ಮಾತ್ರಕ್ಕೆ ಔಷಧಿ ಸಿಕ್ಕಿಬಿಟ್ಟಿತು ಎಂದೂ ಯಾರೂ ತಿಳಿಯಬಾರದು. ಅಡ್ಡಹೊಲಿಗೆ ಹಾಕುವ ಕಿಣ್ವಗಳಲ್ಲೊಂದನ್ನು ತಡೆಯಲು ಸಿಮ್ಟುಜುಮಾಬ್ ಎಂಬ ಔಷಧಿಯನ್ನು ತಯಾರಿಸಿ ಕೊಬ್ಬಿನ ಲಿವರಿನಿಂದ ನಾರುಗಟ್ಟಿದ ರೋಗಿಗಳಿಗೆ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಈ ಕ್ಷೇತ್ರದಲ್ಲಿ ಇಪ್ಪತ್ತು ವರ್ಷ ಕೇಳಿದ ಭರವಸೆಯ ಮಾತುಗಳಲ್ಲಿ ಎಷ್ಟು ಉಳಿದವು ಎಂದು ಎಣಿಸಿದರೆ ನನ್ನ ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತವೆ.

ಆದರೂ ಭಾವನವರಿಗೆ ನಾನು ಹೇಳಿದ್ದು ಸುಳ್ಳು ಸಮಾಧಾನವಲ್ಲ. ಚಕ್ರವನ್ನು ತಿರುಗಿಸುತ್ತಿರುವ ಮೂಲ ಪೆಟ್ಟು ನಿಂತರೆ ಲಿವರ್ ಮೆತ್ತಗಾಗಬಲ್ಲದು. ಹೆಪಟೈಟಿಸ್ ಬಿ ಇದ್ದವರಿಗೆ ಟೆನೊಫೊವಿರ್ ಮಾತ್ರೆಯನ್ನು ಐದು ವರ್ಷ ಕೊಟ್ಟು ಲಿವರಿನ ಚೂರನ್ನು ಮತ್ತೆ ಪರೀಕ್ಷಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ಸಿರೋಸಿಸ್, ಅಂದರೆ ಲಿವರ್ ತೀವ್ರವಾಗಿ ನಾರುಗಟ್ಟಿದ ಸ್ಥಿತಿ, ಇದ್ದ 96 ಜನರಲ್ಲಿ 71 ಜನರಿಗೆ ಐದನೆಯ ವರ್ಷಕ್ಕೆ ಸಿರೋಸಿಸ್ ಉಳಿದಿರಲಿಲ್ಲ. ಅವರದು ವೈರಸ್, ಭಾವನವರದು ಸಕ್ಕರೆ ಮತ್ತು ಕೊಬ್ಬು, ಆದ್ದರಿಂದ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ. ಆದರೆ ಕಲ್ಲಾದದ್ದು ಕಲ್ಲೇ ಎಂಬ ಮಾತು ಸುಳ್ಳೆಂಬುದಕ್ಕೆ ಅಷ್ಟು ಸಾಕು. ಇದಕ್ಕೂ ಒಂದು ಮಿತಿ ಇದೆ. ಇಲಿಗಳಲ್ಲಿ ಪೆಟ್ಟು ನಿಂತ ಮೇಲೆ ಕೆರಳಿದ ಕೋಶಗಳಲ್ಲಿ ಸುಮಾರು ಅರ್ಧದಷ್ಟು ಸಾಯದೆ ಶಾಂತಸ್ಥಿತಿಗೆ ಮರಳುತ್ತವೆ, ಆದರೆ ಮೊದಲಿನಷ್ಟು ಶಾಂತವಾಗಿ ಅಲ್ಲ. ಎರಡನೆಯ ಪೆಟ್ಟಿಗೆ ಅವು ಬೇಗ ಕೆರಳುತ್ತವೆ. ಗಟ್ಟಿ ನೆಲದ ಮೇಲೆ ಹೆಚ್ಚು ದಿನ ಕಳೆದ ಆಕರಕೋಶಗಳನ್ನು ಮೆದು ನೆಲಕ್ಕೆ ತಂದರೂ ಯಾಪ್ ಕೇಂದ್ರದೊಳಗೇ ಉಳಿದುಬಿಡುತ್ತದೆ ಎಂದು 2014ರಲ್ಲಿ ಕ್ರಿಸ್ಟಿ ಆನ್ಸೆತ್ ಅವರ ತಂಡ ತೋರಿಸಿದ್ದೂ ಇದೇ ಜಾತಿಯ ಸಂಗತಿ. ಒಂದು ತಿಂಗಳು ಪಥ್ಯ ಮಾಡಿ ಅಂಕಿ ಇಳಿದೊಡನೆ ಹಳೆಯ ಊಟಕ್ಕೆ ಮರಳುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಲಿವರಿನ ಮಾತನ್ನು ಬಿಟ್ಟು ಒಂದು ಸಂಗತಿ ಹೇಳುವುದಾದರೆ, ಎದೆಯಲ್ಲಿ ಗಡ್ಡೆ ಇದೆಯೇ ಎಂದು ಕೈಯಿಂದ ಒತ್ತಿ ನೋಡುವ ಪರೀಕ್ಷೆಯೂ ಗಟ್ಟಿತನದ ಅಳತೆಯೇ. ಆ ಗಡ್ಡೆ ಬೆರಳಿಗೆ ಗಟ್ಟಿಯಾಗಿ ಸಿಗುವುದು ಕ್ಯಾನ್ಸರ್ ಕೋಶಗಳು ಕಲ್ಲಾಗಿರುವುದರಿಂದಲ್ಲ, ಬಹುಮಟ್ಟಿಗೆ ಅವುಗಳ ಸುತ್ತಲಿನ ಕೊಲಾಜೆನ್ ಬಿಗಿದಿರುವುದರಿಂದ. ಆ ಬಿಗಿಯೇ ಸ್ತನದ ಕೋಶಗಳನ್ನು ಕ್ಯಾನ್ಸರಿನ ನಡವಳಿಕೆಯತ್ತ ನೂಕಬಲ್ಲದು ಎಂದು ವ್ಯಾಲೆರಿ ವೀವರ್ ಅವರ ತಂಡ 2005ರಲ್ಲಿ ತೋರಿಸಿತು. ಅಲ್ಲಿಯೂ ಇದೇ ಪ್ರಶ್ನೆ, ಇದೇ ಉತ್ತರ.

ಇದೆಲ್ಲ ದೂರದ ದೇಶಗಳ ವಿದ್ಯೆ ಎಂದು ತಮ್ಮ ಓದುಗರು ಭಾವಿಸಬಾರದು. ಬಳ್ಳಾರಿ ರಸ್ತೆಯ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಅವರ ತಂಡ, ಇಂಟೆಗ್ರಿನ್ ಹಿಡಿತ ಸಿಕ್ಕಾಗ ಕೋಶದ ಪೊರೆಯ ಮೇಲೆ ಕೆಲವು ಪ್ರೊಟೀನುಗಳು ಪುಟ್ಟ ಗುಂಪುಗಳಾಗಿ ಕೂಡಿಕೊಳ್ಳುತ್ತವೆ, ಆ ಗುಂಪುಗಳು ಕೂಡದಂತೆ ಮಾಡಿದರೆ ಕೋಶ ಸರಿಯಾಗಿ ಹರಡಿಕೊಳ್ಳಲಾರದು ಎಂಬುದನ್ನು 2019ರಲ್ಲಿ ಪ್ರಕಟಿಸಿತು. ಟ್ಯಾಲಿನ್, ವಿಂಕ್ಯುಲಿನ್‌ಗಳ ಪಾತ್ರ ಅದರಲ್ಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರುಗಳು, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಭೌತವಿಜ್ಞಾನಿಗಳು ಕೋಶದ ಎಳೆತ ಸೆಳೆತಗಳನ್ನು ಅಳೆಯುವ ಕೆಲಸದಲ್ಲಿದ್ದಾರೆ. ಮೆಜೆಸ್ಟಿಕ್‌ನಿಂದ ಬಸ್ ಹತ್ತಿದರೆ ಇವರೆಲ್ಲರ ಬಾಗಿಲಿಗೆ ಒಂದು ಗಂಟೆಯ ದಾರಿ, ವಾಹನ ದಟ್ಟಣೆ ಕೃಪೆ ತೋರಿದರೆ. ಆರೋಗ್ಯ ಪುಟಕ್ಕೆ ಲೇಖನ ಸಿದ್ಧಪಡಿಸುವವರು ವೈದ್ಯರನ್ನು ಕೇಳುವ ಜೊತೆಗೆ ಇವರಲ್ಲೊಬ್ಬರನ್ನೂ ಕೇಳಬಹುದಿತ್ತು.

ಆದ್ದರಿಂದ ನನ್ನ ಕೋರಿಕೆ ಎರಡು. ಗಟ್ಟಿತನ ಏನನ್ನೂ ಮಾಡದ ಕಲೆ ಎಂಬರ್ಥದ ಆ ವಾಕ್ಯಕ್ಕೆ, ಗಟ್ಟಿತನ ಸುತ್ತಲಿನ ಕೋಶಗಳನ್ನು ಕೆರಳಿಸಿ ರೋಗವನ್ನು ಬೆಳೆಸುತ್ತದೆ, ಮೂಲ ಕಾರಣ ನಿಂತರೆ ಅದು ಇಳಿಯಲೂಬಹುದು ಎಂಬ ತಿದ್ದುಪಡಿಯನ್ನು ಮುಂದಿನ ಆರೋಗ್ಯ ಪುಟದಲ್ಲಿ ಹಾಕಿಸಬೇಕು. ಸ್ಕ್ಯಾನ್‌ಗೆ ಹೋಗುವವರು ಕನಿಷ್ಠ ಮೂರು ಗಂಟೆ ಹೊಟ್ಟೆ ಖಾಲಿ ಬಿಟ್ಟು ಹೋಗಬೇಕೆಂಬುದನ್ನು ಅದರ ಕೆಳಗೇ, ಕಣ್ಣಿಗೆ ಬೀಳುವಂತೆ ಅಚ್ಚು ಮಾಡಿಸಬೇಕು. ಭಾವನವರ ಮುಂದಿನ ಸ್ಕ್ಯಾನ್ ದಸರೆ ಕಳೆದ ಮೇಲಿದೆ. ಈ ಸಲ ದೋಸೆ ಏನಿದ್ದರೂ ಆಸ್ಪತ್ರೆಯಿಂದ ಹೊರಬಂದ ಮೇಲೆ, ಅದೂ ಒಂದೇ ಎಂದು ಅಕ್ಕ ಈಗಲೇ ಹೇಳಿಟ್ಟಿದ್ದಾಳೆ.

ಇಂತಿ ತಮ್ಮ ಓದುಗರಲ್ಲೊಬ್ಬಳು,
ನಿವೃತ್ತ ತಾಂತ್ರಿಕ ಸಹಾಯಕಿ,
ಮಲ್ಲೇಶ್ವರ, ಬೆಂಗಳೂರು